ತೀರ್ಮಾನಿಸಲಾಯಿತು

ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ
ನಡವಳಿ ಪುಸ್ತಕ ನನ್ನ ಕೈಗೆ ಬಂದು ಹನ್ನೊಂದು ವರ್ಷ.
ನಾನು ಅತಿಥಿ. ಅತಿಥಿ ಉಪನ್ಯಾಸಕಿ.
ಇಷ್ಟು ವರ್ಷ ಉಳಿದವರನ್ನು
ಬೇರೆ ಯಾವ ಮನೆಯಲ್ಲೂ ಅತಿಥಿ ಅನ್ನುವುದಿಲ್ಲ.

ಶಿಡ್ಲಘಟ್ಟ. ಕೊಠಡಿ ಒಂಬತ್ತು. ಮಧ್ಯಾಹ್ನ ಮೂರು.
ಕಿಟಕಿ ಮುಚ್ಚಿದರೂ ಬೇಯುವ ಗೂಡಿನ ವಾಸನೆ;
ಊರಿನವರಿಗೆ ಅದು ವಾಸನೆಯಲ್ಲ, ಗಾಳಿ.
ಖಾಯಂ ಅಧ್ಯಾಪಕರು ಹನ್ನೆರಡು ಜನ, ಹನ್ನೆರಡು ಮತ.
ಅತಿಥಿಗಳು ಹತ್ತೊಂಬತ್ತು ಜನ:
ಟೀ ಇದೆ, ಮತ ಇಲ್ಲ.

ವಿಷಯ ನಾಲ್ಕು: ಒಂಬತ್ತೂ ಹತ್ತಕ್ಕೆ ಗೇಟು ಮುಚ್ಚುವುದು,
ಆಮೇಲೆ ಬಂದವರಿಗೆ ಇಡೀ ದಿನದ ಗೈರುಹಾಜರಿ.
ವಿಶ್ವವಿದ್ಯಾಲಯದ ನಿಯಮವಲ್ಲ ಇದು, ಸರ್ಕಾರದ್ದೂ ಅಲ್ಲ;
ಇದೇ ಕೊಠಡಿಯಲ್ಲಿ, ಇವೇ ಕುರ್ಚಿಗಳಲ್ಲಿ ಹುಟ್ಟಿದ್ದು.
ಆ ಪುಟವೂ ನನ್ನ ಅಕ್ಷರದಲ್ಲೇ ಇದೆ:
'ಕೂಲಂಕಷವಾಗಿ ಚರ್ಚಿಸಿ ತೀರ್ಮಾನಿಸಲಾಯಿತು.'

ಯಾರು ಚರ್ಚಿಸಿದರು? ಯಾರು ತೀರ್ಮಾನಿಸಿದರು?
ಬೆಳಿಗ್ಗೆ ಬಿ.ಎ. ಮೊದಲ ವರ್ಷಕ್ಕೆ ನಾನೇ ಹೇಳಿಕೊಡುತ್ತೇನೆ,
ವಾಕ್ಯಕ್ಕೆ ಕರ್ತೃ ಬೇಕು, ಕರ್ಮ ಬೇಕು, ಕ್ರಿಯೆ ಬೇಕು ಅಂತ.
ಮಧ್ಯಾಹ್ನ ಇಲ್ಲಿ ಕೂತು
ಕರ್ತೃವಿನ ಜಾಗವನ್ನು ಅಚ್ಚುಕಟ್ಟಾಗಿ ಖಾಲಿ ಬಿಡುತ್ತೇನೆ.
ಗೇಟು ಮುಚ್ಚಲಾಯಿತು. ಹೆಸರು ತೆಗೆಯಲಾಯಿತು.
ಗಾಳಿಗೆ ಕದ ತಾನೇ ಬಡಿದುಕೊಂಡ ಹಾಗೆ.

ಎರಡನೇ ಬೆಂಚಿನ ತರನ್ನುಮ್
ಬೆಳಗಿನ ಐದಕ್ಕೆ ಮಾವನ ಫಿಲೇಚರಿನಲ್ಲಿ ಕೂರುತ್ತಾಳೆ.
ಬಿಸಿನೀರಿನಲ್ಲಿ ತೇಲುವ ಗೂಡುಗಳ ತುದಿ ಹುಡುಕಿ,
ಎಂಟು ಎಳೆ ಒಂದು ಮಾಡಿ, ಒಂಬತ್ತಕ್ಕೆ ಎದ್ದು,
ಒಂಬತ್ತೂ ಇಪ್ಪತ್ತಕ್ಕೆ ಗೇಟಿನ ಹೊರಗೆ.
ಬೆರಳುಗಳು ಸಂಜೆಯಾದರೂ ಸುಕ್ಕು.
'ತುದಿ ಸಿಗೋವರ್ಗೂ ಕಷ್ಟ ಮಿಸ್, ಸಿಕ್ಕಿದ್ರೆ ತಾನೇ ಬಿಚ್ಕೊಳ್ತದೆ,'
ಅಂದಿದ್ದಳು ಒಮ್ಮೆ, ಸಂಧಿ ಬಿಡಿಸುವಾಗ.

ಭೌತಶಾಸ್ತ್ರದ ಬೈರಾರೆಡ್ಡಿ ಸರ್ 'ಶಿಸ್ತು' ಅಂದರು, ಮೂರು ಸಲ.
ವಾಣಿಜ್ಯದ ಸೊಣ್ಣಪ್ಪನವರು ಹಾಜರಿ ಪುಸ್ತಕ ತಂದಿದ್ದರು:
'ಒಂದು ಪೀರಿಯಡ್ಡು ತಪ್ಪಿದೋರು ಇನ್ನೈದು ಪೀರಿಯಡ್ಡು
ಬಸ್‌ಸ್ಟ್ಯಾಂಡಲ್ಲಿ ಕೂತಿರ್ತಾರೆ. ಅದ್ಯಾವ ಶಿಸ್ತು ಸ್ವಾಮಿ?'
ಗ್ರಂಥಪಾಲಕಿ ಪ್ರಮೀಳಮ್ಮ ಬಾಯಿ ತೆರೆದರು,
ಅಷ್ಟರಲ್ಲಿ ಟೀ ಬಂತು.

ಆರು ಕೈ ಗೇಟಿನ ಕಡೆ, ಆರು ಕೈ ಮಕ್ಕಳ ಕಡೆ,
ನನ್ನ ಕೈ ಪೆನ್ನಿನ ಮೇಲೆ.
ನಿರ್ಣಾಯಕ ಮತವಿದ್ದ ಪ್ರಾಂಶುಪಾಲರು
ಗೋಡೆಯ ಗಡಿಯಾರ ನೋಡಿದರು.
'ಬರ್ಕೊಳ್ಳಮ್ಮ, ಮುಂದುವರಿಸಲು ತೀರ್ಮಾನಿಸಲಾಯಿತು.'

ಬರೆದೆ.
ಮುಚ್ಚಲೇಬೇಕೆಂದು ಬೈರಾರೆಡ್ಡಿಯವರು ಹೇಳಿದರು.
ತೆರೆದಿಡಬೇಕೆಂದು ಸೊಣ್ಣಪ್ಪನವರು ಹೇಳಿದರು.
ಹನ್ನೆರಡೂ ಹೆಸರು, ಯಾರ ಕೈ ಯಾವ ಕಡೆಗೆ,
ಪ್ರಥಮಾ ವಿಭಕ್ತಿಯಲ್ಲಿ, ಒಬ್ಬರನ್ನೂ ಬಿಡದೆ.
ಪ್ರಾಂಶುಪಾಲರು ಗಡಿಯಾರ ನೋಡಿದರು.

ಪುಸ್ತಕ ಸಹಿಗೆ ಸುತ್ತು ಹೋಯಿತು.
'ಹೀಗೆ ಬರೆಯೋ ವಾಡಿಕೆ ಇಲ್ವಲ್ಲಮ್ಮ?'
'ನಡೆದದ್ದು ಹೀಗೇ ಅಲ್ವಾ ಸರ್.'
ಬೈರಾರೆಡ್ಡಿ ಸರ್ ನಾಚುತ್ತಾರೆ ಅಂದುಕೊಂಡಿದ್ದೆ. ಇಲ್ಲ.
ತಮ್ಮ ಹೆಸರನ್ನು ಎರಡು ಸಲ ಓದಿ,
'ಇನಿಶಿಯಲ್ಲು ಬಿಟ್ಟಿದ್ದೀರಿ' ಅಂತ ತಾವೇ ಸೇರಿಸಿ,
ತಾರೀಖು ಸಮೇತ ಪೂರ್ತಿ ಸಹಿ ಹಾಕಿದರು.
ಅವರ ಮೇಲೆ ಒಂಥರಾ ಗೌರವ ಬಂತು.

ತಡವಾದದ್ದು ಇತಿಹಾಸದ ಮುನಿವೆಂಕಟಪ್ಪನವರದು.
ಕೈ ಎತ್ತುವಾಗ ಕಿಟಕಿಯ ಕಡೆ ನೋಡುತ್ತಿದ್ದವರು
ಈಗ ಗೇಟಿನ ಆರರಲ್ಲಿ ತಮ್ಮ ಹೆಸರು ಕಂಡು
ಪೆನ್ನು ಹಿಡಿದು ಬಹಳ ಹೊತ್ತು ಕೂತರು.
'ಮುಂದಿನ ಸಭೆಗೂ ಈ ವಿಷಯ ಇರಲಿ,' ಅಂದರು ಮೆಲ್ಲಗೆ.
ಸಹಿ ಹಾಕಿದರು. ಕ್ಯಾಪು ಮರೆತರು.

ಬರೆದವಳಿಗೆ ಆ ಪುಟದಲ್ಲಿ ಕಾಲಂ ಇಲ್ಲ.
ಅಂಚಿನಲ್ಲಿ, ದುಂಡಗೆ:
ಬರೆದದ್ದು ನಾನು, ಎಂ. ಲಲಿತಾಕ್ಷಿ.

ನಾಳೆ ಒಂಬತ್ತೂ ಹತ್ತಕ್ಕೆ ಗೇಟು ಮುಚ್ಚುತ್ತದೆ.
ಅಲ್ಲ.
ಪಿಳ್ಳಪ್ಪ ಮುಚ್ಚುತ್ತಾನೆ.
ಯಾರು ಹೇಳಿದ್ದು ಅಂತ ತರನ್ನುಮ್ ಕೇಳಿದರೆ
ಪುಟ ನೂರಾ ನಲವತ್ತಮೂರು.